ಒಂಬತ್ತು ಜನರ ಭಾರ

ಖಾಲಿ ಜೀಪಿನಲ್ಲಿ ಕೂತು ಹನೂರಿನ ಆಚೆಯ ದಾರಿಯಲ್ಲಿ ಹೋದವರಿಗೆ ನಾನು ಹೇಳುವುದು ಥಟ್ಟನೆ ಅರ್ಥವಾಗುತ್ತದೆ. ಮಿಕ್ಕವರಿಗೆ ಬಿಡಿಸಿ ಹೇಳಬೇಕು. ಜೀಪಿನ ಚಕ್ರದ ಮೇಲೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಬಿಲ್ಲಿನಂತೆ ಬಗ್ಗಿಸಿ ಕಟ್ಟಿರುತ್ತಾರೆ. ಅದಕ್ಕೆ ನಾವು ಕಮಾನು ಅನ್ನುತ್ತಿದ್ದೆವು. ಅದು ಭಾರ ಹೊರುವುದಕ್ಕೆಂದೇ ಮಾಡಿದ ಸಾಮಾನು. ಮೇಲೆ ಭಾರವಿದ್ದರೆ ಬಗ್ಗುತ್ತದೆ, ಏಳುತ್ತದೆ, ಗುಂಡಿಯ ಪೆಟ್ಟನ್ನು ತಾನೇ ತಿನ್ನುತ್ತದೆ. ಭಾರವಿಲ್ಲದಿದ್ದರೆ ಸೆಟೆದುಕೊಂಡು ಕೂತು, ಆ ಪೆಟ್ಟನ್ನೆಲ್ಲ ಕೂತವರ ಬೆನ್ನುಮೂಳೆಗೆ ದಾಟಿಸಿಬಿಡುತ್ತದೆ. ನನ್ನ ಸೊಂಟ ಹೋದದ್ದು ಹಾಗೆಯೇ. ಅದರ ಬಗ್ಗೆ ನನಗೆ ದೂರಿಲ್ಲ, ಬಿಡಿ.

ಈ ಕಮಾನಿನ ದೆಸೆಯಿಂದ ನಮ್ಮ ಕಡೆ ಒಂದು ಪದ್ಧತಿ ಬೆಳೆದಿತ್ತು. ಬಸುರಿಯನ್ನೋ ಕಾಲು ಮುರಿದವರನ್ನೋ ಕೊಳ್ಳೇಗಾಲದ ಆಸ್ಪತ್ರೆಗೆ ಜೀಪಿನಲ್ಲಿ ಕರೆದೊಯ್ಯಬೇಕಾದರೆ ಊರಿನವರು ಏಳೆಂಟು ಜನ ಹಿಂದೆ ಹತ್ತಿಕೊಳ್ಳುತ್ತಿದ್ದರು. ರೋಗಿಯನ್ನು ನೋಡಿಕೊಳ್ಳುವುದಕ್ಕಲ್ಲ, ಬರೀ ಭಾರಕ್ಕೆ. ಗಾಡಿ ಮೆತ್ತಗೆ ಹೋಗಲಿ ಅಂತ. ಹೊಲದಲ್ಲಿದ್ದವರನ್ನು ಕೂಗಿ, "ಭಾರಕ್ಕೆ ಬತ್ತೀಯೇನ್ಲಾ?" ಅಂದರೆ ಕೈಲಿದ್ದ ಗುದ್ದಲಿ ಅಲ್ಲೇ ಹಾಕಿ ಬಂದು ಹತ್ತುತ್ತಿದ್ದರು. ಕೊಳ್ಳೇಗಾಲದಲ್ಲಿ ಇಳಿದು ಟೀ ಕುಡಿದು ಬಸ್ಸಿಗೆ ವಾಪಸ್ಸು. ಬರಲ್ಲ ಅಂದವರನ್ನು ನಾನು ಕಂಡಿರಲಿಲ್ಲ. ಬರಲ್ಲ ಅನ್ನುವುದು, ಹೆಣಕ್ಕೆ ಹೆಗಲು ಕೊಡಲ್ಲ ಅಂದಷ್ಟೇ ಕೆಟ್ಟದ್ದಾಗಿತ್ತು. ಬಂಡಳ್ಳಿ, ಶಾಗ್ಯದ ಕಡೆಯ ಜನಕ್ಕೆ ಇದನ್ನು ಕಲಿಸಿದವನು ಬೇರೆ ಯಾರೂ ಅಲ್ಲ, ನಾನೇ.

ನಾನು ಯಳಂದೂರಿನವನು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ, ಮಿಲಿಟರಿಯವರು ಬೇಡವೆಂದು ಬಿಟ್ಟ ಜೀಪೊಂದನ್ನು ಹಿಡಿದು ಕೊಳ್ಳೇಗಾಲಕ್ಕೆ ಬಂದು ಸೇರಿದೆ. ಮಗ್ಗದ ಬೀದಿಯ ಹಿಂದೆ ಒಂದು ಬಾಡಿಗೆ ಮನೆ. ಹಳ್ಳಿಗಳಿಂದ ರೇಷ್ಮೆಗೂಡು ತರುವುದು, ಜನರನ್ನು ಹೊರುವುದು, ವರ್ಷಕ್ಕೆ ನಾಲ್ಕೈದು ಸಲ ಕಾಡು ದಾಟಿ ಗೋಪಿನಾಥಂವರೆಗೂ ಹೋಗಿಬರುವುದು, ಇದು ನನ್ನ ಬದುಕು. ಒಬ್ಬಳೇ ತಂಗಿ. ಅವಳನ್ನು ಬಂಡಳ್ಳಿಯಿಂದ ಒಳಗೆ, ಹಳ್ಳ ದಾಟಿ ಹೋಗಬೇಕಾದ ಒಂದು ಸಣ್ಣ ಊರಿಗೆ ಕೊಟ್ಟಿದ್ದೆ. ಅವಳಿಗೆ ತವರು ಅಂದರೆ ನಾನು ಮತ್ತು ನನ್ನ ಹೆಂಡತಿ, ಅಷ್ಟೇ.

ಮೊದಲ ಬಸುರಿಗೆ ಏಳನೇ ತಿಂಗಳಲ್ಲಿ ಅವಳನ್ನು ಮನೆಗೆ ಕರೆತಂದವನೂ ನಾನೇ. ಅವತ್ತು ನನಗೆ ಅವಸರ. ಮಾರನೆಯ ದಿನ ಗೂಡು ತರಬೇಕಿತ್ತು. ಅವಳು, ಅವಳ ಗಂಡ ಇಬ್ಬರನ್ನೇ ಕೂರಿಸಿಕೊಂಡು ಬರಿಗಾಡಿಯಲ್ಲಿ ಬಂದುಬಿಟ್ಟೆ. ಊರಿಗೆಲ್ಲ ಭಾರದ ಪಾಠ ಹೇಳಿದವನು ನನ್ನ ತಂಗಿಯ ಸಲ ಮರೆತೆ. ದಾರಿಯುದ್ದಕ್ಕೂ ಅವಳು ಸೀಟಿನ ಕಬ್ಬಿಣ ಹಿಡಿದು ಕೂತಿದ್ದಳು. ನಾಲ್ಕನೇ ದಿನಕ್ಕೆ ನೋವು ಬಂತು, ಮಗು ಉಳಿಯಲಿಲ್ಲ. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಅವಳ ಅತ್ತೆ ಮಾತ್ರ, "ಬರಿಗಾಡೀಲಿ ಕುಲುಕಿಸ್ಕಂಡು ಓದ್ರಲ್ಲಪ್ಪ," ಅಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಆಮೇಲೆ ಐದು ವರ್ಷ ಅವಳ ಹೊಟ್ಟೆ ತುಂಬಲಿಲ್ಲ. ಅವಳ ಗಂಡನ ತಮ್ಮನಿಗೆ ಮದುವೆಯಾಗಿ, ಆ ವಾರಗಿತ್ತಿಗೆ ಎರಡು ಮಕ್ಕಳೂ ಆದವು. ಒಂದೇ ಅಂಗಳ, ಒಂದೇ ಒಲೆ. ತಂಗಿ ಆ ಮಕ್ಕಳಿಗೆ ಎಣ್ಣೆ ತಿಕ್ಕಿ ನೀರು ಹುಯ್ಯುವುದನ್ನು ನೋಡಿದಾಗೆಲ್ಲ ನನಗೆ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಗಾಡಿಯಲ್ಲಿ ಏನೋ ಕೆಲಸವಿದೆ ಅಂತ ಹೊರಗೆ ಬಂದುಬಿಡುತ್ತಿದ್ದೆ.

ಐದು ವರ್ಷದ ಮೇಲೆ ಮತ್ತೆ ಬಸುರು ನಿಂತಿತು. ಕೊಳ್ಳೇಗಾಲದ ಡಾಕ್ಟರಮ್ಮ ನೋಡಿ, ಈ ಸಲ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಕರೆತರುವಾಗ ಒಂದಿಷ್ಟೂ ಕುಲುಕಾಡಿಸಬಾರದು ಅಂದರು. ಮೊದಲೇ ಕರೆತಂದು ನಮ್ಮ ಮನೆಯಲ್ಲಿ ಇಟ್ಟುಕೊಳ್ಳೋಣ ಅಂದರೆ ಅತ್ತೆ ಒಪ್ಪಲಿಲ್ಲ. ಹಿಂದೊಮ್ಮೆ ತವರಿನಲ್ಲಿ ಕಳೆದುಕೊಂಡದ್ದು, ಆ ಮನೆ ಆಗಿಬರುವುದಿಲ್ಲ ಅನ್ನುವುದು ಅವರ ಹಟ. ಒಂಬತ್ತನೇ ತಿಂಗಳಲ್ಲಿ ಒಳ್ಳೆಯ ದಿನ ನೋಡಿ ಹೇಳುತ್ತೇವೆ, ನೇರ ಆಸ್ಪತ್ರೆಗೇ ಕರೆದುಕೊಂಡು ಹೋಗಿ ಅಂದರು. ಅಲ್ಲಿಗೆ ಆ ಮೂವತ್ತು ಚಿಲ್ಲರೆ ಮೈಲಿ ದಾರಿ ನನ್ನ ತಲೆಯ ಮೇಲೆ ಬಂತು. ಈ ಮಗು ಉಳಿಯುವುದು, ಬಿಡುವುದು ನನ್ನ ಗಾಡಿಯ ಹಿಂದಿನ ಎರಡು ಚಕ್ರದ ಮೇಲೆ ನಿಂತಿದೆ ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನನ್ನ ಗಾಡಿ ನೋಡುತ್ತಿದ್ದ ಮೇಸ್ತ್ರಿಯ ಶೆಡ್ಡು ಊರಾಚೆಗಿತ್ತು. ಮಾತು ಕಡಿಮೆ ಮನುಷ್ಯ. ಮುಖ ನೋಡದೆ ಗಾಡಿಯ ಅಡಿಯಿಂದಲೇ ಉತ್ತರ ಕೊಡುವವರು. ಶೆಡ್ಡಿನ ಹಿಂದೆ, ಘಾಟಿಯಲ್ಲಿ ಉರುಳಿದ ಕಾರೊಂದು ಬಿದ್ದಿತ್ತು. ಅದರಲ್ಲಿದ್ದ ಯಜಮಾನರು ಅಲ್ಲೇ ಹೋಗಿದ್ದರಂತೆ, ಮನೆಯವರು ಕಾರಿನ ಕಡೆ ತಿರುಗಿಯೂ ನೋಡಿರಲಿಲ್ಲ. ಅದರ ಚಕ್ರದ ಮೇಲೆ ಕಮಾನಿನ ಬದಲು ಸುರುಳಿ ಸ್ಪ್ರಿಂಗು ಇತ್ತು. ಸುರುಳಿಯ ನಡುವೆ ಎಣ್ಣೆ ತುಂಬಿದ ಒಂದು ಕೊಳವೆ, ಸುರುಳಿ ಮೇಲಕ್ಕೆ ಚಿಮ್ಮದಂತೆ ಹಿಡಿದುಕೊಳ್ಳಲು. ಮೇಸ್ತ್ರಿ ಒಂದು ಸುರುಳಿ ಬಿಚ್ಚಿ ನನ್ನ ಮುಂದೆ ನೆಲದ ಮೇಲೆ ನಿಲ್ಲಿಸಿದರು. ನಾನು ಅದರ ಮೇಲೆ ಕಾಲಿಟ್ಟು ಒತ್ತಿದೆ. ಬಗ್ಗಿತು, ಸದ್ದಿಲ್ಲದೆ ಎದ್ದಿತು. ಪಕ್ಕದಲ್ಲಿದ್ದ ಹಳೆಯ ಕಮಾನಿನ ಮೇಲೆ ನಿಂತು ಕುಣಿದರೂ ಅದು ಮಿಸುಕಲಿಲ್ಲ.

"ಇದನ್ನ ಜೀಪಿಗೆ ಕೂರಿಸಬಹುದಾ ಮೇಸ್ತ್ರಿ?"

"ಕೂರಿಸಬಹುದಪ್ಪ. ಆದ್ರೆ ಕಮಾನು ಭಾರನೂ ಹೊರುತ್ತೆ, ಚಕ್ರದ ಅಚ್ಚನ್ನೂ ಹಿಡ್ಕೊಂಡಿರುತ್ತೆ. ಇದು ಭಾರ ಮಾತ್ರ ಹೊರೋದು. ಅಚ್ಚು ಹಿಡಿಯೋಕೆ ಬೇರೆ ರಾಡು ಹಾಕ್ಬೇಕು. ಹೊರೋದೂ ಕಾರಿನ ಭಾರ, ಜೀಪಿಂದಲ್ಲ."

"ಹಾಕಿಸಲಾ, ಬೇಡವಾ? ಅದನ್ನ ಹೇಳಿ."

"ನಿನ್ನ ಗಾಡಿ, ನಿನ್ನ ತಂಗಿ. ನಾನೇನು ಹೇಳಲಿ?"

ನನಗೆ ಸಿಟ್ಟು ಬಂತು. ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ ಅನ್ನಬೇಕು, ಹೀಗೆ ನಡುವೆ ಕೈಬಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಎರಡು ವಾರ ದಿನಾ ಶೆಡ್ಡಿಗೆ ಹೋಗಿ ಆ ಸುರುಳಿಯ ಮೇಲೆ ಕಾಲಿಟ್ಟು ನಿಂತು ಬರುತ್ತಿದ್ದೆ. ಮನೆಯಲ್ಲಿ ಹೆಂಡತಿಯದು ಬೇರೆ ರಾಗ.

"ಸತ್ತೋರ ಕಾರಿನ ಸಾಮಾನು ತಂದು ಬಸುರಿ ಕೂರೋ ಗಾಡಿಗೆ ಆಕ್ತೀರಾ? ಅವ್ಳತ್ತೆಗೆ ಗೊತ್ತಾದ್ರೆ ಅವ್ಳನ್ನ ಅತ್ಸಾರಾ?"

"ಗೊತ್ತಾಗೋದು ಹೇಗೆ? ನೀನು ಬಾಯಿ ಮುಚ್ಕೊಂಡಿದ್ರೆ ಸರಿ."

"ಇರೋ ಕಮಾನೇ ಇರ್ಲಿ. ಅತ್ತು ಜನನ್ನ ಕುಂಡಿರಿಸ್ಕಂಡು ನಿದಾನ್ಕೆ ಬನ್ನಿ. ಎಲ್ರೂ ಬರೋದು ಅಂಗೇ ಅಲ್ವಾ."

ಅವಳು ಹೇಳಿದ್ದು ಸರಿಯಾಗಿತ್ತು. ಸರಿಯಾಗಿದೆ ಅನ್ನುವುದಕ್ಕೇ ನಾನು ಇನ್ನಷ್ಟು ಹಾರಾಡಿದೆ. ಆ ವಾರ ಬಂಡಳ್ಳಿ ಕಡೆಯಿಂದ ಗೂಡು ತರುತ್ತಿದ್ದಾಗ ಹಳ್ಳದಲ್ಲಿ ಗಾಡಿ ಎತ್ತಿ ಹಾಕಿ, ನನ್ನ ನಾಲಿಗೆ ಹಲ್ಲಿಗೆ ಸಿಕ್ಕಿ ಬಾಯಿ ತುಂಬ ರಕ್ತವಾಯಿತು. ಇಳಿದು, ಉಗಿದು, ಆ ಹಳ್ಳದ ಕಲ್ಲುಗಳನ್ನು ನೋಡುತ್ತಾ ನಿಂತೆ. ಇದೇ ಜಾಗದಲ್ಲಿ ಅವಳು ಒಂಬತ್ತು ತಿಂಗಳ ಹೊಟ್ಟೆ ಹಿಡಿದು ಕೂತಿರುತ್ತಾಳೆ ಅನ್ನಿಸಿತು. ಅಲ್ಲಿಂದ ಮನೆಗೂ ಹೋಗದೆ ನೇರ ಶೆಡ್ಡಿಗೆ ಹೋದೆ.

ನಾಲ್ಕು ದಿನ ಕೆಲಸ ಹಿಡಿಯಿತು. ಕಮಾನು ಬಿಚ್ಚಿ ಮೂಲೆಗೆ ಹಾಕಿ, ಕುಲುಮೆಯಲ್ಲಿ ರಾಡು ಬಡಿಸಿ, ಸುರುಳಿ ಎರಡನ್ನೂ ಕೂರಿಸಿದರು. ಕೀ ಕೈಗೆ ಕೊಡುವಾಗ ಮೇಸ್ತ್ರಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

"ನಾಲ್ಕೇ ಜನ. ನಿನ್ನನ್ನೂ ಸೇರಿಸಿ. ಜಾಸ್ತಿ ಆದ್ರೆ ಸುರುಳಿ ಪೂರ್ತಿ ಮುಚ್ಚಿಕೊಳ್ಳುತ್ತೆ. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ. ಹಳೇ ಕಮಾನಿಗಿಂತ ಕಡೆ."

ತಲೆಯಾಡಿಸಿದೆ. ಮಾರನೆಯ ದಿನ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಯಳಂದೂರಿನ ಕಡೆ ಹೋದೆ. ಅವಳು ಬೇಕೆಂದೇ ಒಂದು ಚೊಂಬಿನ ತುಂಬ ನೀರು ತುಂಬಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಗದ್ದೆ ಬಯಲು ದಾಟಿ, ಒಡೆದ ರಸ್ತೆಯಲ್ಲಿ ಗಾಡಿ ತೂಗುತ್ತಾ ಹೋಯಿತು. ಹೊಳೆಯ ಹತ್ತಿರ ನಿಲ್ಲಿಸಿ ಹಿಂತಿರುಗಿ ನೋಡಿದೆ. ಸೀರೆ ನೆನೆದಿರಲಿಲ್ಲ.

"ಆಯ್ತು ಬುಡಿ, ನೀವೇ ಗೆದ್ರಿ," ಅಂದು ಆ ನೀರನ್ನು ನನಗೇ ಕುಡಿಸಿದಳು. ನಾನು ಅಷ್ಟು ಹಿಗ್ಗಿದ್ದು ನನ್ನ ಮದುವೆಯಲ್ಲೂ ಇಲ್ಲ.

ಅತ್ತೆ ಹೇಳಿದ ದಿನ ಬೆಳಗ್ಗೆ ಹೋದೆ. ಅಂಗಳದಲ್ಲಿ ತಂಗಿ ಹೊಸ ಸೀರೆ ಉಟ್ಟು, ಮುಖಕ್ಕೆ ಅರಿಶಿನ ಹಚ್ಚಿಕೊಂಡು ಕೂತಿದ್ದಳು. ಹಿಂದಿನ ಸೀಟಿನ ಮೇಲೆ ದಿಂಬು ಹಾಸಿ ಅವಳನ್ನು ಕೂರಿಸಿದೆ. ಅವಳ ಪಕ್ಕ ಅತ್ತೆ, ಎದುರಿಗೆ ಗಂಡ. ನನ್ನನ್ನೂ ಸೇರಿಸಿ ನಾಲ್ಕಾಯಿತು. ಹೊರಡೋಣ ಅಂತ ತಿರುಗಿದರೆ, ಬೇಲಿಯ ಹತ್ತಿರ ಆರು ಜನ ಸಾಲಾಗಿ ನಿಂತಿದ್ದಾರೆ. ಗಂಡಸರು ತಲೆಗೆ ಟವಲು ಸುತ್ತಿಕೊಂಡು, ಹೆಂಗಸರಿಬ್ಬರು ಮುಖ ತೊಳೆದುಕೊಂಡು. ಭಾರಕ್ಕೆ.

"ಇವತ್ತು ಇಷ್ಟು ಜನ ಬೇಡ. ಸಾಕು," ಅಂದೆ.

ಅತ್ತೆ ಸಿಡುಕಿದರು. "ಯಾಕಪ್ಪ ಬ್ಯಾಡ? ಅವತ್ತು ಬರಿಗಾಡೀಲಿ ಕರ್ಕಂಡೋಗಿ ಏನಾಯ್ತು ಮರ್ತೋಯ್ತಾ? ನೀನೇ ಯೋಳ್ದೋನು, ಭಾರ ಇದ್ರೆ ಮೆತ್ಗೆ ಓಯ್ತದೆ ಅಂತ. ಅತ್ರಪ್ಪಾ, ಅತ್ರಿ."

ಅಲ್ಲಿ ನಾನು ಬಾಯಿ ಬಿಡಬೇಕಿತ್ತು. ಕಮಾನು ತೆಗೆಸಿದ್ದೇನೆ, ಬೇರೆ ಹಾಕಿಸಿದ್ದೇನೆ ಅನ್ನಬೇಕಿತ್ತು. ಎಲ್ಲಿಂದ ತಂದೆ ಅಂತ ಮರುಮಾತು ಬರುತ್ತದೆ. ಸತ್ತವರ ಕಾರಿನದು ಅಂತ ಗೊತ್ತಾದರೆ ಅವಳನ್ನು ಕೆಳಗಿಳಿಸಿ ಒಳಗೆ ಕರೆದುಕೊಂಡು ಹೋಗಿಬಿಡುತ್ತಾರೆ. ಆಮೇಲೆ ಆಸ್ಪತ್ರೆಯೂ ಇಲ್ಲ, ಡಾಕ್ಟರಮ್ಮನೂ ಇಲ್ಲ. ಸುಳ್ಳೊಂದು ಹೇಳಬಹುದಿತ್ತು, ಅದೂ ಹೊಳೆಯಲಿಲ್ಲ. ಒಬ್ಬೊಬ್ಬರೇ ಐದು ಜನ ಹತ್ತಿದರು.

ಆರನೆಯವಳು ವಾರಗಿತ್ತಿ. ಒಂದು ಕಾಲು ಮೆಟ್ಟಿಲ ಮೇಲಿಟ್ಟವಳು ನಿಂತಳು. ಬಗ್ಗಿ ಹಿಂದಿನ ಚಕ್ರ ನೋಡಿದಳು. ಕಾಲು ತೆಗೆದಳು.

"ಅಣ್ಣ, ಗಾಡಿ ಇಂದ್ಕೆ ಕುಂತ್ಬುಟ್ಟದೆ. ಯಾವತ್ತೂ ಇಂಗೆ ಕುಂತಿರ್ಲಿಲ್ಲ. ನಾ ಬರಕಿಲ್ಲ. ಇನ್ನೂ ಇಬ್ರು ಇಳಿದ್ರೆ ಒಳ್ಳೇದು."

"ಭಾರಕ್ಕೆ ಬರಕಿಲ್ವಾ?" ಅತ್ತೆ ಸೀಟಿನಿಂದಲೇ ಕೂಗಿದರು. "ನಿನಗೆ ನಿನ್ನ ಮಕ್ಳವೆ. ಅವ್ಳಿಗೆ ಮಗ ಆಗೋದು ನಿನಗ್ಯಾಕೆ ಬೇಕು?"

ಅವಳ ಮುಖ ಸುಟ್ಟ ಹಾಗಾಯಿತು. ನನ್ನ ಕಡೆ ನೋಡಿದಳು. ನಾನು ಏನಾದರೂ ಅಂದೇನು ಅಂತ. ಅವಳು ಹಿಡಿದ ಎಳೆಯನ್ನೇ ಹಿಡಿದು ನಾನು ಎಲ್ಲರನ್ನೂ ಇಳಿಸಬಹುದಿತ್ತು. ನನಗೆ ಒಳಗೆ ಭಯ, ಭಯಕ್ಕೆ ಸಿಟ್ಟು. "ಬರ್ದಿದ್ರೆ ಬುಡವ್ವ," ಅಂದು ಗಾಡಿ ಎಬ್ಬಿಸಿದೆ. ಒಂಬತ್ತು ಜನ.

ಊರಿನ ಮಣ್ಣು ದಾರಿ ಹೇಗೋ ಕಳೆಯಿತು. ಹಳ್ಳದ ಮೊದಲ ಕಲ್ಲಿಗೆ ಗಾಡಿ ಇಳಿದಾಗ ಕೆಳಗಿನಿಂದ ಒಂದು ಸದ್ದು ಬಂತು. ಸುತ್ತಿಗೆಯಿಂದ ಕುಲುಮೆಯ ಅಡಿಗಲ್ಲಿಗೆ ಹೊಡೆದ ಸದ್ದು. ಕಬ್ಬಿಣಕ್ಕೆ ಕಬ್ಬಿಣ. ಆಮೇಲೆ ಪ್ರತಿ ಕಲ್ಲಿಗೂ ಅದೇ. ನಡೆಯುವಷ್ಟು ನಿಧಾನ ಮಾಡಿದೆ, ಆದರೂ ಅದೇ. ಕನ್ನಡಿಯಲ್ಲಿ ತಂಗಿಯ ಮುಖ ಕಾಣುತ್ತಿತ್ತು. ತುಟಿ ಕಚ್ಚಿಕೊಂಡಿದ್ದಳು. ಹಳ್ಳ ಹತ್ತಿದ ಮೇಲೆ ನಿಲ್ಲಿಸಿ, ಇಂಜಿನ್ ಕಾದಿದೆ ಅಂತ ನೆಪ ಹೇಳಿ, ಗಂಡಸರು ನಾಲ್ಕು ಜನರನ್ನು ಇಳಿಸಿ ಬಸ್ಸಿಗೆ ಬನ್ನಿ ಅಂದೆ. ಅವರು ಮುಖ ಮುಖ ನೋಡಿಕೊಂಡು ಇಳಿದರು. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಹನೂರು ಸೇರುವ ಮೊದಲೇ ದಿಂಬು ನೆನೆದಿತ್ತು.

"ಅಣ್ಣ, ಬೇಗ ಓಗಣ್ಣ," ಅಂದಳು. ದಾರಿಯಲ್ಲಿ ಅವಳು ಆಡಿದ್ದು ಅದೊಂದೇ ಮಾತು.

ಮಧ್ಯಾಹ್ನಕ್ಕೆ ಹೆರಿಗೆಯಾಯಿತು. ಗಂಡು. ಕೈಕಾಲು, ಉಗುರು, ತಲೆ ತುಂಬ ಕೂದಲು, ಎಲ್ಲ ಇತ್ತು. ಅಳಲಿಲ್ಲ. ಡಾಕ್ಟರಮ್ಮ ಹೊರಗೆ ಬಂದು, ತುಂಬಾ ಕುಲುಕಾಟ ಆಯಿತಾ ಅಂತ ಕೇಳಿದರು. ಉತ್ತರ ಕೊಟ್ಟವರು ಅತ್ತೆ.

"ಭಾರ ಸಾಲ್ದಾಯ್ತು ಕಣ್ರಿ ಅಮ್ಮ. ಒಬ್ಳು ಅತ್ತಕಿಲ್ಲ ಅಂದ್ಬುಟ್ಲು. ಆಮ್ಯಾಕೆ ನಾಕ್ ಜನ ಇಳ್ಕಂಡ್ರು."

ಅವತ್ತಿನಿಂದ ಅದೇ ನಿಜವಾಯಿತು. ಇಳಿದ ನಾಲ್ವರನ್ನು ಇಳಿಸಿದವನು ನಾನು, ಇಂಜಿನ್ ಕಾದಿತ್ತು, ಅದು ಯಾರ ತಪ್ಪೂ ಅಲ್ಲ. ತಪ್ಪು ಹೊರಲು ಉಳಿದವಳು ಒಬ್ಬಳೇ. ಭಾರಕ್ಕೆ ಬರಲ್ಲ ಅಂದವಳು.

ವಾರದ ಮೇಲೆ ಶೆಡ್ಡಿಗೆ ಹೋಗಿ, ಹಳೆಯ ಕಮಾನನ್ನೇ ಹಾಕಿಕೊಡಿ ಅಂದೆ. ಮೇಸ್ತ್ರಿ ಸುರುಳಿ ಬಿಚ್ಚಿ, ಅದರ ಸುತ್ತುಗಳು ಒಂದಕ್ಕೊಂದು ಬಡಿದು ಹೊಳೆಯುತ್ತಿದ್ದ ಜಾಗದ ಮೇಲೆ ಬೆರಳಾಡಿಸಿದರು.

"ಎಷ್ಟು ಜನ?"

"ಒಂಬತ್ತು."

ಅವರು ಸುರುಳಿಯನ್ನು ಮೂಲೆಗೆ ಎಸೆದು ಕಮಾನು ಎತ್ತಿಕೊಂಡರು. ಒಂದು ಬೈಗುಳ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹೆಂಡತಿಯೂ ಬೈಯಲಿಲ್ಲ. ಆ ಚೊಂಬನ್ನು ಮಾತ್ರ ಒಳಗೆಲ್ಲೋ ಎತ್ತಿಟ್ಟಳು, ಮತ್ತೆ ಬಳಸಿದ್ದನ್ನು ನಾನು ಕಾಣೆ.

ತಂಗಿಗೆ ಆಮೇಲೆ ಮಕ್ಕಳಾಗಲಿಲ್ಲ. ಆ ಅಂಗಳದಲ್ಲಿ ಎರಡು ಒಲೆಯಾಯಿತು. ವಾರಗಿತ್ತಿಯ ಮಕ್ಕಳಿಗೆ ಎಣ್ಣೆ ತಿಕ್ಕುವುದು ನಿಂತಿತು. ಒಂದೇ ಬಾವಿಯಲ್ಲಿ ನೀರು ಸೇದುತ್ತಾ ಇಬ್ಬರೂ ವರ್ಷಗಟ್ಟಲೆ ಮಾತಾಡಲಿಲ್ಲ. ಊರಿನವರೂ ಅಷ್ಟೇ. ವಾರಗಿತ್ತಿಯ ಮನೆಯ ನಾಮಕರಣಕ್ಕೆ, ಹಬ್ಬಕ್ಕೆ ಜನ ಕಡಿಮೆಯಾದರು. ನಾನು ಹೋದಾಗ ತಂಗಿ ನನಗೆ ರಾಗಿ ರೊಟ್ಟಿ ಸುಟ್ಟು ಹಾಕುತ್ತಾ, "ಅವತ್ತು ಅವ್ಳೊಬ್ಳು ಗಾಡಿ ಅತ್ತಿದ್ರೆ ಸಾಕಿತ್ತು ಕಣಣ್ಣ," ಅನ್ನುವಳು. ನಾನು ರೊಟ್ಟಿ ತಿನ್ನುತ್ತಿದ್ದೆ. ಥೂ, ಎಂಥ ಜನ್ಮ ಅಂತ ನನಗೇ ಅನ್ನಿಸುತ್ತಿತ್ತು, ಆದರೂ ತಿನ್ನುತ್ತಿದ್ದೆ.

ಇಸವಿ ಎಪ್ಪತ್ತು ದಾಟಿದ ಮೇಲಿನ ಒಂದು ವರ್ಷ. ಅತ್ತೆ ಆಗಲೇ ತೀರಿಕೊಂಡಿದ್ದರು. ವಾರಗಿತ್ತಿಗೆ ಹೊಟ್ಟೆನೋವು ಕಾಣಿಸಿಕೊಂಡು, ಕೊಳ್ಳೇಗಾಲಕ್ಕೆ ಕರೆದೊಯ್ಯಬೇಕೆಂದು ಅವಳ ಗಂಡ ಬಸ್ಸಿನ ಕಂಡಕ್ಟರ ಕೈಲಿ ಹೇಳಿಕಳಿಸಿದ. ಹೋದೆ. ಭಾರಕ್ಕೆ ಒಬ್ಬರೂ ಬರಲಿಲ್ಲ. ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಒಳಗೆ ಹೋದಳು. ನಾನೂ ವಾರಗಿತ್ತಿಯ ಗಂಡನೂ ಸೇರಿ ಬೇಲಿಯ ಪಕ್ಕದ ಕಲ್ಲುಗಳನ್ನು ತಂದು ಹಿಂದೆ ತುಂಬಿದೆವು. ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹಳ್ಳ ದಾಟಿದೆ. ಕಮಾನು ಬಗ್ಗಿತು, ಎದ್ದಿತು, ತನ್ನ ಕೆಲಸ ತಾನು ಮಾಡಿತು.

ಹನೂರಿನಲ್ಲಿ ಅವಳ ಗಂಡ ಸೋಡಾ ತರಲು ಇಳಿದ. ನಾವಿಬ್ಬರೇ ಉಳಿದೆವು. ನಾನು ಇಂಜಿನ್ ಆರಿಸಿದೆ.

"ಅವತ್ತು ನೀನು ಹೇಳಿದ್ದೇ ಸರಿ ಕಣವ್ವ. ತಪ್ಪು ನಂದು. ಗಾಡಿ ಕೆಳಗೆ..."

"ಗೊತ್ತು ಬುಡಿ ಅಣ್ಣ." ಅವಳು ಹೊಟ್ಟೆಯ ಮೇಲೆ ಕೈ ಒತ್ತಿಕೊಂಡು, ರಸ್ತೆ ನೋಡುತ್ತಾ ಹೇಳಿದಳು. "ಅದಾದ್ಮ್ಯಾಲೆ ನೀವು ಬಂದಾಗ ಬಗ್ಗಿ ನೋಡ್ದೆ. ಅಳೇ ಕಮಾನೇ ಇತ್ತು. ಅವತ್ತು ಇದ್ದುದ್ದು ಅದಲ್ಲ."

"ಇವತ್ತೇ ವಾಪಸ್ಸು ಹೋಗಿ ತಂಗಿಗೆ ಹೇಳ್ತೀನಿ. ಅವಳ ಕಾಲು ಹಿಡಿದಾದರೂ ಹೇಳ್ತೀನಿ."

ಅವಳು ತಲೆ ಎತ್ತಿ ನೋಡಿದಳು. ಅಂಗಡಿಯ ಮುಂದೆ ಗಂಡ ಸೋಡಾ ಬಾಟ್ಲಿ ಒಡೆಸುತ್ತಿದ್ದ.

"ಯೋಳ್ಬ್ಯಾಡಿ. ಅಕ್ಕಂಗೆ ತವ್ರು ಅಂತ ಇರೋದು ನೀವೊಬ್ರೇ. ನೀವೂ ಇಲ್ದಂಗಾದ್ರೆ ಅವ್ಳು ಎಲ್ಗೋದಾಳು? ನನ್ ಮ್ಯಾಲೇ ಇರ್ಲಿ. ನಂಗೆ ಇದ್ನ ಒತ್ತು ಒತ್ತು ಅಬ್ಯಾಸ ಆಗ್ಯದೆ."

ಹತ್ತು ದಿನ ಆಸ್ಪತ್ರೆಯಲ್ಲಿದ್ದು ಅವಳು ಹುಷಾರಾದಳು. ನಾನೇ ವಾಪಸ್ಸು ಕರೆದುಕೊಂಡು ಹೋಗಿ ಅಂಗಳದಲ್ಲಿ ಇಳಿಸಿದೆ. ಅವಳು ಗೋಡೆ ಹಿಡಿದುಕೊಂಡು ತನ್ನ ಬಾಗಿಲಿಗೆ ಹೋದಳು. ತಂಗಿ ಅವಳ ಕಡೆ ತಿರುಗಿಯೂ ನೋಡದೆ, ಅಂಗಳ ದಾಟಿ ನನ್ನ ಹತ್ತಿರ ಬಂದು ನೀರಿನ ಚೊಂಬು ಚಾಚಿದಳು.

"ಆಯಾಸ ಆಗಿರ್ತದೆ, ಕುಡಿಯಣ್ಣ," ಅಂದಳು.

ನಾನು ಚೊಂಬು ಇಸಿದುಕೊಂಡು ಕುಡಿದೆ.